ಕಿತ್ತಳೆ ಪಥ್ಯ ಮತ್ತು ಅಕ್ಕನ ಉತ್ತರ

ನನ್ನ ಹದಿನಾರನೆಯ ವಯಸ್ಸಿನಲ್ಲಿ ನನ್ನನ್ನು ತಿದ್ದಿ ತೀಡಲು ಇಬ್ಬರು ಹೆಂಗಸರು ಪಣ ತೊಟ್ಟಿದ್ದರು. ಇಬ್ಬರನ್ನೂ ನಾನು ಎದುರಿಗೆ ಕಂಡವಳಲ್ಲ. ಒಬ್ಬಳು, ಹದಿಹರೆಯದ ಹುಡುಗಿಯರಿಗಾಗಿ ಬರುತ್ತಿದ್ದ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಸಲಹೆ ಕೊಡುತ್ತಿದ್ದವಳು. ಅವ್ವ ಅವಳಿಗೆ ‘ಇಂಗ್ಲಿಷ್ ಮ್ಯಾಡಮ್’ ಎಂದು ಹೆಸರಿಟ್ಟಿದ್ದಳು. ಇನ್ನೊಬ್ಬಳು ಕನ್ನಡ ವಾರಪತ್ರಿಕೆಯ ಪ್ರಶ್ನೋತ್ತರ ಪುಟದ ಅಕ್ಕ. ಇಬ್ಬರಿಗೂ ಜಗತ್ತಿನಲ್ಲಿ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಇಂಥ ಇಬ್ಬರು ಇದ್ದಮೇಲೆ ನನ್ನ ಸ್ವಂತ ಅವ್ವನನ್ನು ನಾನು ಏನನ್ನೂ ಕೇಳುತ್ತಿರಲಿಲ್ಲ. ಅವಳಿಗಿದ್ದ ಸಂಕಟ ಅದೊಂದೇ.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪನಿಗೆ ನಾಗಪುರದ ಹತ್ತಿರದ ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ, ನಮಗೆ ಅದರ ಕಾಲೊನಿಯಲ್ಲಿ ಕ್ವಾರ್ಟರ್ಸು. ಗಾಳಿ ನಮ್ಮ ಕಡೆ ತಿರುಗಿದ ದಿನ ಒಣಹಾಕಿದ ಬಟ್ಟೆಯ ಮೇಲೂ ಹಪ್ಪಳದ ಮೇಲೂ ಚಿಮಣಿಯ ಬೂದಿ ಬೀಳುತ್ತಿತ್ತು. ಓಣಿಯಲ್ಲಿ ಮರಾಠಿ, ಬಸ್ಸಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್, ಮನೆಯೊಳಗೆ ಮಾತ್ರ ಧಾರವಾಡದ ಕನ್ನಡ. ಮದುವೆಯಾಗಿ ಬಂದು ಅಷ್ಟು ವರ್ಷವಾಗಿದ್ದರೂ ಅವ್ವ ಮರಾಠಿ ಆಡುತ್ತಿದ್ದುದು ತರಕಾರಿಯವಳ ಹತ್ತಿರ, ಅದೂ ಅರ್ಧ ಕೈಸನ್ನೆಯಲ್ಲಿ. ನನಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಅವ್ವ ಪಾಟಿ ಹಿಡಿದು ಕೂರಿಸಿದ್ದಳು. ಒತ್ತಕ್ಷರಗಳು ಶುರುವಾದ ದಿನ ಪಕ್ಕದ ಮನೆಗೆ ಓಡಿಹೋದವಳು ನಾನು ತಿರುಗಿ ಕೂರಲಿಲ್ಲ.

ಕಾಲೊನಿಯಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಹುಬ್ಬಳ್ಳಿಯ ಸೋದರಮಾವ ವಾರಪತ್ರಿಕೆಗಳನ್ನು ಕೂಡಿಟ್ಟು, ನಾಗಪುರದ ಕಡೆ ಬರುವವರು ಯಾರೇ ಸಿಗಲಿ, ಅವರ ಕೈಯಲ್ಲಿ ಒಂದು ಕಟ್ಟು ಕಳಿಸುತ್ತಿದ್ದ. ಯುಗಾದಿಯ ಅಡುಗೆಗಳು ನಮಗೆ ಮಾವಿನಹಣ್ಣು ಮುಗಿಯುವ ಹೊತ್ತಿಗೆ ತಲುಪುತ್ತಿದ್ದವು. ಕಟ್ಟು ಬರುತ್ತಿದ್ದುದು ನಮ್ಮ ಮಾವನಿಂದಲೇ ಆದರೂ, ಹಿರಿಯರು ಎಂಬ ಮರ್ಯಾದೆಗೆ ಅವ್ವ ಅದನ್ನು ಮೊದಲು ಎಲ್ಲರೂ ಕಾಕು ಎನ್ನುತ್ತಿದ್ದ ಮೂಲೆ ಮನೆಯ ಹೆಂಗಸಿಗೆ ಕೊಡುತ್ತಿದ್ದಳು. ಅಲ್ಲಿಂದ ಮನೆಮನೆ ಸುತ್ತಿ ಕೊನೆಗೆ ನಮ್ಮಲ್ಲಿಗೆ. ಕಾಕುಗೆ ಪದಬಂಧದ ಹುಚ್ಚು, ಸ್ಪರ್ಧೆಗಳ ಹುಚ್ಚು. ಬೇಕೆನಿಸಿದ್ದನ್ನೆಲ್ಲ ಕತ್ತರಿಯಿಂದ ಕತ್ತರಿಸಿಕೊಂಡೇ ಮುಂದಕ್ಕೆ ಕಳಿಸುತ್ತಿದ್ದರು. ಧಾರಾವಾಹಿಯ ನಾಯಕಿ ಬಾಗಿಲು ತೆರೆದರೆ ಆ ಬಾಗಿಲ ಜಾಗದಲ್ಲಿ ಕಿಟಕಿಯಷ್ಟು ತೂತು ಇರುತ್ತಿತ್ತು. ಅವ್ವ ಆ ತೂತಿನಿಂದ ನನ್ನನ್ನು ನೋಡಿ, “ಇಲ್ಲೆ ಏನಾತು ಅಂತ ಕಾಕುನ್ನ ಕೇಳಿಕೊಂಡ ಬಾ ಹೋಗು” ಅನ್ನುತ್ತಿದ್ದಳು.

ಇಂಗ್ಲಿಷ್ ಮಾಸಪತ್ರಿಕೆಯ ಹಾದಿ ಬೇರೆ. ನಾನೂ ಪಕ್ಕದ ಕ್ವಾರ್ಟರ್ಸಿನ ಮರಾಠಿ ಗೆಳತಿಯೂ ಒಂದೇ ಬಸ್ಸಿನಲ್ಲಿ ನಗರದ ಕಾಲೇಜಿಗೆ ಹೋಗುತ್ತಿದ್ದೆವು, ಸಂಜೆ ಧರಮಪೇಠದಲ್ಲಿ ಟ್ಯೂಷನ್. ಟ್ಯೂಷನ್ ಮನೆಯ ಹತ್ತಿರದ ಹಳೇ ಪುಸ್ತಕದ ಅಂಗಡಿಯಲ್ಲಿ ಈ ಪತ್ರಿಕೆಗಳ ರಾಶಿಯೇ ಇತ್ತು. ಯಾರೋ ಶ್ರೀಮಂತರ ಮನೆಯ ಹುಡುಗಿಯರು ಓದಿ ಬಿಸಾಡಿದವು. ಅವರು ರಸಪ್ರಶ್ನೆಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಬಿಟ್ಟಿರುತ್ತಿದ್ದರು. ಅಳಿಸಿ ನಮ್ಮ ಗುರುತು ಹಾಕುತ್ತಿದ್ದೆವು.

ಆ ಮ್ಯಾಡಮ್ಮಿನ ಬುದ್ಧಿವಾದಗಳನ್ನು ಈಗ ನೆನೆದರೆ ನಗು ತಡೆಯಲಾಗುವುದಿಲ್ಲ. ಮುಖದ ಆಕಾರ ಮೊದಲು ತಿಳಿದುಕೊಳ್ಳಬೇಕಂತೆ: ಮೊಟ್ಟೆಯೋ, ಹೃದಯವೋ, ಚೌಕವೋ. ಕನ್ನಡಿಯ ಮೇಲೆ ಸೋಪಿನಿಂದ ನನ್ನ ಮುಖದ ಗೆರೆ ಎಳೆದೆವು. ಬಂದದ್ದು ಅವ್ವನ ಮೊದಲ ಚಪಾತಿಯ ಆಕಾರ. ಹುಡುಗರ ಮುಂದೆ ಮಾತನ್ನು ಪೂರ್ತಿ ಮುಗಿಸಬಾರದು, ಅರ್ಧಕ್ಕೆ ನಿಲ್ಲಿಸಿ ಕಿರುನಗೆ ಬೀರಬೇಕು, ಆಗ ಕುತೂಹಲ ಹುಟ್ಟುತ್ತದೆ ಎಂದು ಇನ್ನೊಂದು ಕಡೆ ಬರೆದಿದ್ದಳು. ಮಾತಾಡುವಂಥ ಹುಡುಗ ಯಾವನೂ ಇರಲಿಲ್ಲವಾದ್ದರಿಂದ ಕೋರಾಡಿ ಬಸ್ಸಿನ ಕಂಡಕ್ಟರನ ಮೇಲೆ ಪ್ರಯೋಗ ಮಾಡಿದೆ. ಎಲ್ಲಿಗೆ ಎಂದು ಕೇಳಿದ. ‘ಕೋ’ ಎಂದು ನಿಲ್ಲಿಸಿ ಕಿರುನಗೆ ಬೀರಿದೆ. ಅವನಿಗೆ ಯಾವ ಕುತೂಹಲವೂ ಹುಟ್ಟಲಿಲ್ಲ. ‘ಜಲ್ದಿ ಬೋಲ’ ಎಂದು ಗದರಿದ.

ಎಲ್ಲ ಸಲಹೆಗಳ ಕೊನೆಗೂ ಒಂದು ಸಾಲು ತಪ್ಪದೆ ಇರುತ್ತಿತ್ತು: ನೀನು ನಂಬುವ ಹಿರಿಯರೊಬ್ಬರ ಬಳಿ ಮಾತನಾಡು. ಅಡುಗೆಯ ಪುಟದ ಕೊನೆಯಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಅಂತ ಬರೆದಿರುತ್ತಾರಲ್ಲ, ಹಾಗೆ. ನಾವು ಅದನ್ನು ಓದುತ್ತಲೇ ಇರಲಿಲ್ಲ.

ಕೂದಲಿಗೆ ನಿಂಬೆರಸ ಹಚ್ಚಿ ಹಿತವಾದ ಬಿಸಿಲಲ್ಲಿ ಕೂತರೆ ಹೊನ್ನಿನ ಎಳೆಗಳು ಮೂಡುತ್ತವೆ ಎಂದು ಆಕೆ ಬರೆದಾಗ ನಮ್ಮಲ್ಲಿ ಮೇ ತಿಂಗಳು. ಆಕೆಯ ಊರಲ್ಲಿ ಬಿಸಿಲು ಹಿತವಾಗಿರಬಹುದು. ನಾಗಪುರದ ಮೇ ತಿಂಗಳಲ್ಲಿ ಕಾಗೆ ಕೂಡ ನೆರಳು ಬಿಟ್ಟು ಹಾರುವುದಿಲ್ಲ. ನನಗೆ ಸಂಶಯ ಬಂದಿತ್ತು; ಗೆಳತಿ “ಚಾಲತೆ ನಾ!” ಎಂದಳು. ನಡೆಯುತ್ತೆ ಬಿಡು ಎಂಬ ಆ ಒಂದು ಮಾತಿನಿಂದ ಅವಳು ನನ್ನನ್ನು ಎಷ್ಟು ಗುಂಡಿಗಳಿಗೆ ಕೆಡವಿದ್ದಾಳೋ ಲೆಕ್ಕವಿಲ್ಲ. ಟೆರೇಸಿನ ಮೇಲೆ ಕೂತೆವು. ರಸ ಹಣೆಗೆ, ಕುತ್ತಿಗೆಗೆ ಇಳಿಯಿತು, ಒಣಗಿತು, ಮೇಲಿಂದ ಬೂದಿ ಬಂದು ಕೂತಿತು. ಸಂಜೆ ಹೊತ್ತಿಗೆ ಹಣೆಯ ಚರ್ಮ ಕೆಂಪಗೆ ಬೆಂದಿತ್ತು. ಹೊನ್ನಿನ ಎಳೆ ಒಂದೂ ಇಲ್ಲ.

ಅವ್ವ ಕೂಲರಿನ ಮುಂದೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಣ್ಣನೆಯ ಮೊಸರು ಹಚ್ಚಿದಳು. ಬೈಯುತ್ತಾಳೆಂದು ಕಣ್ಣು ಮುಚ್ಚಿಕೊಂಡಿದ್ದೆ. ಬೈಯಲಿಲ್ಲ.

“ಮಾರಿ ಸುಟ್ಟಗೊಳ್ಳೂಕಿಂತ ಮೊದಲ ನನ್ನ ಒಂದ ಮಾತು ಕೇಳಬಾರದೇನವಾ?”

“ನಿನಗ ಇಂಥಾವೆಲ್ಲ ಎಲ್ಲೆ ಗೊತ್ತಿರತಾವ ಅವ್ವಾ?” ಎಂದೆ.

ಅವ್ವ ಇನ್ನೊಂದಿಷ್ಟು ಮೊಸರು ಬಳಿದಳು. “ಗೊತ್ತಿಲ್ಲ ಖರೆ. ಆಕಿ ಏನೇನ ಬರೀತಾಳ, ನನಗೂ ಓದಿ ಹೇಳು ಹಂಗಾರ,” ಎಂದಳು.

ಹಾಗೆ ಶುರುವಾದವು ನಮ್ಮ ರವಿವಾರದ ಮಧ್ಯಾಹ್ನಗಳು. ಅಪ್ಪ ಶಿಫ್ಟಿಗೆ ಹೋಗಿರುತ್ತಿದ್ದ, ಇಲ್ಲವೇ ಶಿಫ್ಟ್ ಮುಗಿಸಿ ಗೊರಕೆ ಹೊಡೆಯುತ್ತಿದ್ದ. ನಾನು ಇಂಗ್ಲಿಷ್ ಪತ್ರಿಕೆಯ ಒಂದು ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ಹೇಳುವುದು, ಅವ್ವ ವಾರಪತ್ರಿಕೆಯಿಂದ ಒಂದನ್ನು ಓದುವುದು. ಪ್ರಶ್ನೆ ಓದಿ ಅವ್ವ ನಿಲ್ಲಿಸಿಬಿಡುತ್ತಿದ್ದಳು. ಅಕ್ಕನ ಉತ್ತರ ಓದುವ ಮೊದಲು ನಮ್ಮ ಉತ್ತರ ಹೇಳಬೇಕು, ಅದು ನಿಯಮ. ಅತ್ತೆ ಕಾಟ ಕೊಡುತ್ತಾಳೆ ಎಂದು ಯಾರೋ ಬರೆದರೆ ಅಕ್ಕ ‘ತಾಳ್ಮೆಯೇ ಹೆಣ್ಣಿನ ಆಭರಣ, ಸಹೋದರಿ’ ಎನ್ನುತ್ತಿದ್ದಳು. ಅವ್ವ ಸಿಟ್ಟಾಗುತ್ತಿದ್ದಳು. “ಆಭರಣ ಅಂತ! ಈಕೀಗೆ ಅತ್ತಿ ಇಲ್ಲ ಕಾಣಸ್ತದ.” ಮೊಡವೆಯಿಂದ ಜೀವನವೇ ಬೇಡವಾಗಿದೆ ಎಂದು ಇಂಗ್ಲಿಷ್ ಹುಡುಗಿ ಅತ್ತುಕೊಂಡರೆ, “ಅಯ್ಯ ಹುಚ್ಚಿ, ಮಾರಿ ತೊಳಕೊಂಡು ಓದಲಿಕ್ಕೆ ಕೂಡು,” ಎಂದು ಪುಟಕ್ಕೆ ಮುಖ ಮಾಡಿ ಹೇಳುತ್ತಿದ್ದಳು. ಊರಿನಲ್ಲಿ ತಂಗಿಯರ ಜೊತೆ ಅವಳು ಹೀಗೇ ಮಾತಾಡುತ್ತಿದ್ದಿರಬೇಕು. ಕೋರಾಡಿಗೆ ಬಂದ ಮೇಲೆ ಅವಳಿಗೆ ಅಂಥ ಮಾತಿಗೆ ಜನ ಇರಲಿಲ್ಲ. ನನಗೆ ಅದು ಆಗ ಹೊಳೆಯಲಿಲ್ಲ. ಆಟ ಹಿತವಾಗಿತ್ತು, ಅಷ್ಟೇ. ಎಲ್ಲ ಹುಡುಗಿಯರ ಬಗ್ಗೆಯೂ ಮಾತಾಡುತ್ತಿದ್ದೆವು, ನನ್ನ ಬಗ್ಗೆ ಒಂದನ್ನು ಬಿಟ್ಟು.

ಚಳಿಗಾಲ ಬಂತು. ಮ್ಯಾಡಮ್ ತೆಳ್ಳಗಾಗುವ ವಿಧಾನ ಬರೆದಳು. ಬೆಳಿಗ್ಗೆ ಅರ್ಧ ಗ್ರೇಪ್‌ಫ್ರೂಟ್, ಮಧ್ಯಾಹ್ನ ಅರ್ಧ ಗ್ರೇಪ್‌ಫ್ರೂಟ್, ರಾತ್ರಿ ಒಂದು ಬಟ್ಟಲು ಸೂಪು. ವಸಂತದ ಹೊತ್ತಿಗೆ ನೀನು ಬಳ್ಳಿ. ಗ್ರೇಪ್‌ಫ್ರೂಟ್ ಎಂಬುದನ್ನು ಕಣ್ಣಿಂದ ಕಂಡವರು ನಮ್ಮ ಕಾಲೊನಿಯಲ್ಲಿ ಯಾರೂ ಇರಲಿಲ್ಲ. ಚಿತ್ರ ನೋಡಿದೆವು: ದುಂಡಗೆ, ಕಿತ್ತಳೆ ಬಣ್ಣ, ಒಳಗೆ ತೊಳೆ. ನಾಗಪುರದಲ್ಲಿ ಹುಟ್ಟಿ ಬೆಳೆದವರಿಗೆ ಇದಕ್ಕಿಂತ ಏನು ಬೇಕು? “ಅಗ, ಹೇ ತರ ಸಂತ್ರಾ!” ಎಂದಳು ಗೆಳತಿ. ನಮ್ಮ ಸಂತ್ರಾ ಹಣ್ಣೇ ಇದು ಎಂದು ತೀರ್ಮಾನವಾಯಿತು. ಅರ್ಧ ಹಣ್ಣು ಚಿಕ್ಕದಾಯಿತೆಂದು ಇಡೀ ಹಣ್ಣು ಎಂದೂ ನಾವೇ ತಿದ್ದುಪಡಿ ಮಾಡಿದೆವು. ಆ ಕಾಲದಲ್ಲಿ ಕಿತ್ತಳೆ ಮನೆಮನೆಗೆ ಚೀಲಗಟ್ಟಲೆ ಬರುತ್ತಿದ್ದವು. ಪಥ್ಯಕ್ಕೆ ಪಥ್ಯ, ಯಾರಿಗೂ ಅನುಮಾನವಿಲ್ಲ.

ಗೆಳತಿ ಮೂರನೆಯ ದಿನ ಕಾಲೇಜಿನ ಎದುರು ಸಮೋಸಾ ತಿಂದು ಪಥ್ಯ ಮುರಿದಳು. ನಾನು ಹಟಮಾರಿ. ಡಬ್ಬಿಯ ಚಪಾತಿ ಅವಳಿಗೆ ಹೋಗುತ್ತಿತ್ತು. ಸಂಜೆ ಅವ್ವ ಕೇಳಿದರೆ ಗೆಳತಿಯ ಮನೆಯಲ್ಲಿ ತಿಂದೆ ಎನ್ನುತ್ತಿದ್ದೆ. ಮೇಲೆ ದೊಗಳೆ ಸ್ವೆಟರ್ ಇದ್ದುದರಿಂದ ಇಳಿದದ್ದು ಯಾರಿಗೂ ಕಾಣಲಿಲ್ಲ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಮ್ಯಾಡಮ್ ಅದನ್ನು ‘ದೇಹ ಹಗುರಾಗುವ ಲಕ್ಷಣ’ ಎಂದು ಬರೆದಿದ್ದಳು.

ಆಮೇಲೆ ನನಗೆ ತಿಂಗಳಿನದು ನಿಂತುಹೋಯಿತು. ಒಂದು ತಿಂಗಳು ಹೋಯಿತು, ಇನ್ನೊಂದೂ ಹೋಯಿತು, ಮೂರನೆಯದೂ ಹೋಗುವುದರಲ್ಲಿತ್ತು. ಕಾಲೇಜು ಸೇರಿದ ಮೇಲೆ ಆ ವಿಷಯವನ್ನು ಅವ್ವ ಕೇಳುವುದನ್ನು ಬಿಟ್ಟಿದ್ದಳು, ನಾನು ಹೇಳುವುದನ್ನು ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಅದಕ್ಕೆ ಸರಿಯಾದೊಂದು ಹೆಸರೂ ಇರಲಿಲ್ಲ, ‘ಹೊರಗ’ ಎಂಬ ಒಂದು ಮಾತು ಬಿಟ್ಟರೆ. ಒಳಗೆ ಏನೋ ಬತ್ತಿಹೋಗಿದೆ, ಇನ್ನು ನಾನು ಬದುಕುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ. ಬೇರೆ ಯಾವುದೂ ನನ್ನ ತಲೆಗೆ ಬರಲಿಲ್ಲ, ಬರುವಂಥ ಕಾರಣವೂ ಇರಲಿಲ್ಲ.

ಒಂದು ರವಿವಾರ ವರಾಂಡದ ಬಿಸಿಲಿನಲ್ಲಿ ಕೂತಿದ್ದೆವು. ಅವ್ವ ಬಟಾಣಿ ಸುಲಿಯುತ್ತಿದ್ದಳು. ನಾನು ಇಂಗ್ಲಿಷ್ ಪತ್ರಿಕೆ ತೆರೆದೆ. ಪುಟದಲ್ಲಿ ಇದ್ದದ್ದು ಉಗುರು ಬಣ್ಣದ ವಿಚಾರ. ನಾನು ಅದರ ಮೇಲೆ ಕಣ್ಣಿಟ್ಟು ಹೇಳಿದೆ:

“ಒಬ್ಬ ಹುಡುಗಿ ಕೇಳ್ಯಾಳ ಅವ್ವಾ. ಹದಿನಾರು ವರ್ಷದಾಕಿ. ಮೂರು ತಿಂಗಳಾತು ಹೊರಗ ಆಗಿಲ್ಲ, ಮನ್ಯಾಗ ಯಾರಿಗೂ ಹೇಳಿಲ್ಲ, ಭಾಳ ಹೆದರಿಕಿ ಆಗ್ಯದ, ಏನ ಮಾಡಲಿ ಅಂತ.”

ಬಟಾಣಿಯ ಸಿಪ್ಪೆ ಅವ್ವನ ಕೈಯಲ್ಲೇ ಉಳಿಯಿತು. ಅವಳು ನನ್ನ ಕಡೆ ನೋಡಲಿಲ್ಲ.

“ಆ ಮ್ಯಾಡಮ್ ಏನ ಹೇಳ್ಯಾಳ?”

“ಉತ್ತರ ಮುಂದಿನ ತಿಂಗಳಂತ,” ಎಂದೆ.

ಯಾವಾಗಲೂ ಪಟ್ಟನೆ ಉತ್ತರ ಹೇಳುವ ಅವ್ವ ಅಂದು ನಿಯಮ ಮುರಿದಳು. ಏನೂ ಹೇಳದೆ ಬಟಾಣಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆ ಸಂಜೆ ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಮರುದಿನ ಅನ್ನಕ್ಕೆ ನೀರು ಇಡುವುದನ್ನೇ ಮರೆತಳು. ಅಪ್ಪ ಏನಾಯಿತೆಂದು ಕೇಳಿದರೆ ತಲೆನೋವು ಎಂದಳು. ಟ್ಯೂಷನ್ನಿನಲ್ಲಿ ಯಾರ್ಯಾರು ಇರುತ್ತಾರೆ ಎಂದು ನನ್ನನ್ನು ಎರಡು ಸಲ ಕೇಳಿದಳು. ಹೇಳಿದೆ.

ಅದಾಗಿ ಒಂದೆರಡು ದಿನಕ್ಕೆ, ರವಿವಾರವಲ್ಲದ ಮಧ್ಯಾಹ್ನ, ನಾನು ಕಾಲೇಜಿಗೆ ರಜೆ ಹಾಕಿ ಮಲಗಿದ್ದಾಗ ಅವ್ವ ವಾರಪತ್ರಿಕೆ ಹಿಡಿದು ಬಂದು ಪಕ್ಕದಲ್ಲಿ ಕೂತಳು. “ಏಳು. ಮೂಲಿ ಮನೀ ಕಾಕು ಹೊಸಾದು ಕೊಟ್ಟಾರ. ಬೆಳಗಾವಿಯಾಕಿ ಒಬ್ಬಾಕಿ ನಿಮ್ಮ ಇಂಗ್ಲಿಷ್ ಹುಡುಗಿ ಕೇಳಿದ್ದನ ಕೇಳ್ಯಾಳ ನೋಡು. ಅಕ್ಕ ಏನ ಬರದಾಳ ಓದತೇನಿ.” ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದತೊಡಗಿದಳು.

“ಪ್ರಿಯ ಸಹೋದರಿ, ನಿನ್ನ ಪತ್ರ ತಲುಪಿತು. ಹೆದರಬೇಡ. ಹೆದರಿಕೆಯಿಂದ ಯಾವ ಸಮಸ್ಯೆಯೂ ಪರಿಹಾರವಾಗುವುದಿಲ್ಲ.” ಇಲ್ಲಿ ಸ್ವಲ್ಪ ತಡೆದಳು. “ಮೊದಲ ಹೊಟ್ಟಿ ತುಂಬ ಉಣ್ಣು. ಆಮ್ಯಾಲೆ ನಿಮ್ಮವ್ವನ ಕಡೆ ಹೋಗು. ಆಕಿ ಬೈದ್ರ ಬೈಸಿಕೊ. ಒಂದೆರಡು ದಿನ ಅಳತಾಳ, ಅಳಲಿ. ಆದ್ರ ನಿನ್ನ ಬಿಡೂದಿಲ್ಲ. ಏನ ಆಗಿರಲಿ, ಯಾರಿಂದ ಆಗಿರಲಿ, ಮನೀ ಬಾಗಲಾ ನಿನಗ ತೆರದ ಇರತದ. ಮಂದಿ ಮಾತಾಡತಾರ. ಮಂದಿ ಬಾಯಿಗೆ ಕೈ ಅಡ್ಡ ಹಿಡೀಲಿಕ್ಕೆ ಆಗೂದಿಲ್ಲ, ಬಿಡು. ನಿಮ್ಮಪ್ಪಗ ಹೆಂಗ ಹೇಳಬೇಕು ಅನ್ನೂದು ನಿಮ್ಮವ್ವನ ಚಿಂತಿ, ನಿಂದಲ್ಲ. ಜೀವಕ್ಕ ಏನರ ಮಾಡಿಕೊಂಡೀ ಮತ್ತ. ಹಂಗೇನರ ಮಾಡಿದ್ರ ಆಕಿ ಹೆಂಗ ಬದುಕತಾಳ? ಡಾಕ್ಟರ್ ಕಡೆ ಇಬ್ಬರೂ ಕೂಡಿ ಹೋಗ್ರಿ.”

ಅಂದು ಅಕ್ಕ ಪುಸ್ತಕದ ಭಾಷೆ ಬಿಟ್ಟು ನಮ್ಮ ಮನೆಯ ಮಾತಿನಲ್ಲೇ ಬರೆದಿದ್ದಳು. ನನಗೆ ಅದೇನೂ ವಿಚಿತ್ರವೆನಿಸಲಿಲ್ಲ. ಉತ್ತರ ಸ್ವಲ್ಪ ಅತಿಯಾಯಿತು ಎನಿಸಿತು ಮಾತ್ರ. ಊಟ ಬಿಟ್ಟವಳು ನಾನೇ, ಯಾರಿಂದ ಏನಾಗಬೇಕು? ಮಂದಿ ಯಾಕೆ ಮಾತಾಡಬೇಕು? ಆದರೂ ಕೇಳುತ್ತಾ ಕೇಳುತ್ತಾ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಎದ್ದು ಕೂತು, “ಅವ್ವಾ, ಆ ಇಂಗ್ಲಿಷ್ ಹುಡುಗಿ ನಾನ” ಎಂದು ಅತ್ತೆ.

ಅವ್ವ ಪತ್ರಿಕೆಯನ್ನು ಕೆಳಗಿಟ್ಟಳು. “ಗೊತ್ತವಾ,” ಎಂದಳು. ನನ್ನನ್ನು ಎಳೆದು ತಬ್ಬಿಕೊಂಡಳು. ಬೇರೇನನ್ನೂ ಕೇಳಲಿಲ್ಲ.

ಮರುದಿನ ಇಬ್ಬರೂ ಬಸ್ಸು ಹಿಡಿದು ಧರಮಪೇಠದ ಲೇಡಿ ಡಾಕ್ಟರ ಹತ್ತಿರ ಹೋದೆವು. ಬಸ್ಸಿನಲ್ಲಿ ಅವ್ವ ನನ್ನ ಕೈ ಬಿಡಲಿಲ್ಲ. ಡಾಕ್ಟರು ಅವ್ವನನ್ನು ಹೊರಗೆ ಕೂರಿಸಿ ನನ್ನನ್ನು ಏನೇನೋ ಕೇಳಿದರು. ಯಾರಾದರೂ ಹುಡುಗನ ಸಹವಾಸವಿದೆಯೇ ಎಂದೂ ಕೇಳಿದರು. ಕಂಡಕ್ಟರನ ನೆನಪಾಗಿ ಇಲ್ಲವೆಂದೆ. ಏನು ಊಟ ಮಾಡುತ್ತೀ ಎಂದರು. ಸಂತ್ರಾ ಎಂದೆ. ಮತ್ತೆ? ಸಂತ್ರಾ. ಅವರು ಪೆನ್ನು ಕೆಳಗಿಟ್ಟು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ತೂಕ ನೋಡಿದರು, ಪರೀಕ್ಷಿಸಿದರು, ಆಮೇಲೆ ಮರಾಠಿಯಲ್ಲಿ ಚೆನ್ನಾಗಿ ಬೈದರು. ಅವ್ವನನ್ನು ಒಳಗೆ ಕರೆದು, ರಕ್ತ ಕಡಿಮೆಯಿದೆ, ಹುಡುಗಿ ಉಪವಾಸ ಬಿದ್ದಿದ್ದಾಳೆ, ಸರಿಯಾಗಿ ಉಣಿಸಿದರೆ ಎಲ್ಲ ತಾನಾಗೇ ಸರಿಹೋಗುತ್ತದೆ ಎಂದರು.

“ಏವಢಂಚ್?” ಎಂದಳು ಅವ್ವ. ಇಷ್ಟೇನಾ? ಅವಳ ಬಾಯಿಂದ ಅಷ್ಟು ಸ್ಪಷ್ಟವಾದ ಮರಾಠಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಹೊರಗೆ ಬಂದು ದವಾಖಾನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೆಂದು ನಾನೂ ನಕ್ಕೆ. ನೋಡಿದರೆ ಕಣ್ಣಲ್ಲಿ ನೀರು. ರಕ್ತ ಕಡಿಮೆ ಎಂದರೆ ಇಷ್ಟು ಸಂತೋಷಪಡುವ ತಾಯಿಯನ್ನು ಎಲ್ಲಾದರೂ ಕಂಡಿದ್ದೀರಾ? ಹೊರಗಿನ ತಿಂಡಿಯನ್ನು ಮುಟ್ಟದ ಅವ್ವ ಅಂದು ಗಾಡಿಯ ಮುಂದೆ ನಿಂತು ನನಗೆ ತರ್ರಿ ಎಂಬ ಖಾರದ ಸಾರು ಸುರಿದ ಅವಲಕ್ಕಿ ಪೋಹೆ ಕೊಡಿಸಿದಳು, ತಾನೂ ತಿಂದಳು. ಖಾರಕ್ಕೆ ಇಬ್ಬರ ಮೂಗಿನಿಂದಲೂ ನೀರು ಇಳಿಯಿತು. ಮನೆ ತಲುಪುವವರೆಗೆ ಸುಮ್ಮಸುಮ್ಮನೆ ನಗುತ್ತಿದ್ದಳು.

ಮನೆಯಲ್ಲಿ ಅವಳು ಚಪಾತಿಗೆ ಹಿಟ್ಟು ಕಲಸುತ್ತಿದ್ದಾಗ ನಾನು ಆ ವಾರಪತ್ರಿಕೆಯನ್ನು ಹುಡುಕಿದೆ. ಅಕ್ಕನ ಉತ್ತರ ಇನ್ನೊಮ್ಮೆ ಬೇಕಾಗಿತ್ತು. ನಾನೇ ಒಂದೊಂದೇ ಅಕ್ಷರ ಕೂಡಿಸಿಯಾದರೂ ಓದಬೇಕು ಎನಿಸಿತ್ತು. ಅವ್ವ ಬೋರಲು ಹಾಕಿದ್ದ ಪುಟ ಹಾಗೇ ಇತ್ತು. ಬೆರಳಿಟ್ಟು ಓದಿದೆ. ನಿಂಬೆಕಾಯಿ. ಉಪ್ಪಿನಕಾಯಿ. ಮೆಂತ್ಯ ಹುರಿದು ಪುಡಿ ಮಾಡಿ. ಪುಟ ತಪ್ಪಿರಬೇಕೆಂದು ಹಿಂದೆ ಮುಂದೆ ತಿರುಗಿಸಿದೆ. ಅಕ್ಕನ ಚಿತ್ರ ಯಾವಾಗಲೂ ಕೊನೆಯ ಹಾಳೆಗಳಲ್ಲಿ ಇರುತ್ತಿತ್ತು, ಅದು ನನಗೆ ಗೊತ್ತಿತ್ತು. ಆ ಜಾಗದಲ್ಲಿ ಹಾಳೆಯೇ ಇರಲಿಲ್ಲ. ಬೆನ್ನಿಗೆ ಪದಬಂಧ ಇದ್ದಿರಬೇಕು. ಕಾಕು ಬುಡದವರೆಗೆ ಕತ್ತರಿಸಿಕೊಂಡಿದ್ದರು.

ಆ ವಾರ ಅಕ್ಕ ಇರಲೇ ಇಲ್ಲ.

ಡಾಕ್ಟರು ಹುಡುಗನ ವಿಷಯ ಯಾಕೆ ಕೇಳಿದರು, ಅವ್ವ ಟ್ಯೂಷನ್ನಿನ ವಿಷಯ ಯಾಕೆ ಕೇಳಿದಳು, ‘ಯಾರಿಂದ ಆಗಿರಲಿ’ ಎಂದರೆ ಏನು ಎಂಬುದೆಲ್ಲ ಆಗ ಒಟ್ಟಿಗೆ ಅರ್ಥವಾಯಿತು. ಹಾಲು ಉಕ್ಕಿದ ಆ ಸಂಜೆಯಿಂದ ಅವ್ವ ನನ್ನನ್ನು ಎಲ್ಲಿಯವರೆಗೆ ಕಲ್ಪಿಸಿಕೊಂಡಿದ್ದಳು! ಅಷ್ಟನ್ನೂ ಕಲ್ಪಿಸಿಕೊಂಡು, ಒಬ್ಬಳೇ ನುಂಗಿಕೊಂಡು, ಉಪ್ಪಿನಕಾಯಿಯ ಪುಟ ನೋಡುತ್ತಾ ಆ ಉತ್ತರ ಕೊಟ್ಟಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಬೆನ್ನು ನೋಡಿದೆ. ಅವಳು ಹಿಟ್ಟು ನಾದುತ್ತಿದ್ದಳು. ಅವಳ ಮೇಲೆ ನನಗೆ ಆ ಗಳಿಗೆಯಲ್ಲಿ ಬಂದ ಪ್ರೀತಿಗೆ ಏನು ಹೇಳಬೇಕೋ ಇಂದಿಗೂ ತಿಳಿಯದು.

ಮುಂದಿನ ರವಿವಾರ ವರಾಂಡದಲ್ಲಿ ಕೂತಾಗ ನಾನು ಅಭ್ಯಾಸದಂತೆ ಇಂಗ್ಲಿಷ್ ಪತ್ರಿಕೆ ತೆರೆದೆ. “ಒಬ್ಬ ಹುಡುಗಿ ಕೇಳ್ಯಾಳ ಅವ್ವಾ…”

“ಪುಸ್ತಕ ಮುಚ್ಚಿ ಕೇಳು,” ಎಂದಳು ಅವ್ವ.

ಮುಚ್ಚಿದೆ. ಪುಸ್ತಕವಿಲ್ಲದೆ ಅವಳ ಮುಖ ನೋಡಿ ಕೇಳುವುದು ಕಷ್ಟವಾಯಿತು. ಅವಳು ಕಾಯುತ್ತಾ ಕೂತಳು.

“ನಾ ಖರೇನ ಅಂಥಾದ್ದೇನರ ಮಾಡಿಕೊಂಡ ಬಂದಿದ್ದರ, ನನ್ನ ಮನ್ಯಾಗ ಇಟಗೋತಿದ್ದೇನ?”

ಅವ್ವ ಒಂದು ಕಿತ್ತಳೆ ಸುಲಿದು, ನಾರು ತೆಗೆದು, ತೊಳೆ ಬಿಡಿಸಿ ನನ್ನ ಕೈಗೆ ಹಾಕಿದಳು. ಜೊತೆಗೆ ತಟ್ಟೆಯಲ್ಲಿದ್ದ ಚಪಾತಿಯ ಸುರುಳಿಯನ್ನೂ ಮುಂದೆ ತಳ್ಳಿದಳು.

“ಮನೀ ಬಿಟ್ಟು ಮತ್ತೆಲ್ಲೆ ಇಟಗೋಬೇಕವಾ ನಿನ್ನ?” ಎಂದಳು. “ಎರಡೂ ತಿನ್ನು.”